ಕರಿ ದಾರದ ಬೀಬಮ್ಮ

ಕೋಳಿ ಕೂಗಿದೆ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹುಣಸೂರಿನ ಚನ್ನಬಸವಣ್ಣನವರ ಮಂಡಿಯ ಹಿಂದಿನ ಜಗಲಿಯಲ್ಲಿ ಬೀಬಿಜಾನ್, ಎಲ್ಲರ ಬಾಯಲ್ಲಿ ಬೀಬಮ್ಮ, ಆಗಲೇ ಕಾಲು ಚಾಚಿ ಕೂತಿದ್ದಾರೆ. ಎಡಕ್ಕೆ ಹರಿದ ಗೋಣಿಚೀಲಗಳ ಗುಡ್ಡೆ, ಬಲಕ್ಕೆ ದಬ್ಬಳ, ಹುರಿ, ಒಂದು ಕರಿ ದಾರದ ಉಂಡೆ. ಒಂದು ಚೀಲ ಎಳೆದುಕೊಳ್ಳುತ್ತಾರೆ, ಒಳಮಗ್ಗುಲು ಹೊರಗೆ ತಿರುವುತ್ತಾರೆ, ತಳದ ಮೂಲೆಯನ್ನು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚುತ್ತಾರೆ. ಆಮೇಲೆ ಪಕ್ಕಕ್ಕೆ ಉಗಿದು ಆ ಮೂಲೆಗೆ ಕರಿ ದಾರದಲ್ಲಿ ನಾಲ್ಕು ಹೊಲಿಗೆ ಹಾಕುತ್ತಾರೆ.

“ಉಪ್ಪು,” ಎನ್ನುತ್ತಾರೆ. “ಇದು ಇನ್ನ ಕಾಫಿಗೆ ಆಗಾಕಿಲ್ಲ. ಹರಿದು ಚಿಂದಿಯಾಗೋಗಂಟ ಉಪ್ಪಿಗೇಯ.”

ದಿನಕ್ಕೆ ಅರವತ್ತು ಚೀಲ. ಅರವತ್ತನ್ನೂ ಹೊಲಿಯಬೇಕು, ಅರವತ್ತನ್ನೂ ನಾಲಿಗೆಗೆ ಮುಟ್ಟಿಸಬೇಕು. ನೋಡುವವರಿಗೆ ಅಸಹ್ಯವಾಗುತ್ತದೆ, ಅದನ್ನು ಅವರೂ ಬಲ್ಲರು. ಹಾಗೆ ಮಾಡು ಎಂದು ಯಾರೂ ಹೇಳಿಲ್ಲ. ಬೇರೆ ಮಂಡಿಗಳಲ್ಲಿ ಕೈಯಲ್ಲಿ ಸವರಿ, ಮೂಸಿ ನೋಡಿ ಬಿಡುತ್ತಾರೆ. ಹೊಲಿಗೆ ಮೊದಲಿನಿಂದಲೂ ಇತ್ತು, ಬೀಬಮ್ಮನವರ ನಾಲಿಗೆಗೆ ಈ ಕೆಲಸ ಬಂದದ್ದು ಹತ್ತೊಂಬತ್ತು ವರ್ಷದ ಹಿಂದೆ, ಮಂಡಿಯ ಗಾಡಿ ಹೊಡೆಯುತ್ತಿದ್ದ ಗಂಡ ಶಂಶುದ್ದೀನ್ ತೀರಿಕೊಂಡ ಮೇಲೆ.

ಆ ಹೆಸರು ಹುಣಸೂರಿನ ಗಾಡಿ ಅಡ್ಡೆಯಲ್ಲಿ ಇವತ್ತಿಗೂ ಓಡಾಡುತ್ತದೆ, ಆದರೆ ಓಡಾಡಬೇಕಾದ ರೀತಿಯಲ್ಲಲ್ಲ. ಯಾರಾದರೂ ಸರಕು ಅದಲುಬದಲು ಮಾಡಿದರೆ “ಶಂಶು ಗೋಣಿ ಮಾಡ್ಬುಟ್ಟ” ಎಂದು ನಗುತ್ತಾರೆ. ಶಂಶು ಯಾರೆಂದು ಗೊತ್ತಿಲ್ಲದ ಹುಡುಗರೂ ಹೇಳುತ್ತಾರೆ. ಜಗಲಿಯ ಮೇಲೆ ದಬ್ಬಳ ಹಿಡಿದು ಕೂತ ಹೆಂಗಸು ಆ ಮಾತು ಕೇಳಿದಾಗಲೆಲ್ಲ ತಲೆ ತಗ್ಗಿಸುತ್ತಾರೆ. ಅದೊಂದು ಮಾತನ್ನು ಅಡ್ಡೆಯಿಂದ ಕಿತ್ತುಹಾಕಬೇಕೆಂಬುದು ಅವರ ಆಸೆ. ಈ ಬರಹಕ್ಕೆ ಬಾಯಿ ಬಿಡಲು ಒಪ್ಪಿದ್ದೂ ಅದಕ್ಕಾಗಿಯೇ.

ಬೀಬಮ್ಮ ಪಿರಿಯಾಪಟ್ಟಣದಿಂದ ಆಚೆಗೆ ಕಾಲಿಟ್ಟವರಲ್ಲ. ಆದರೂ ಘಟ್ಟದ ಕೆಳಗಿನ ಕರಾವಳಿಯ ಸೀಮೆ ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ಹನಗೋಡಿನ ಭತ್ತ, ಅಂತರಸಂತೆಯ ಸೀಗೆ ತುಂಬಿದ ಚೀಲಗಳ ಜೊತೆಗೇ ತಲಚೇರಿ ಬಂದರಿನ ಚೀಲಗಳೂ ಅವರ ತೊಡೆಯ ಮೇಲೆ ಬಂದು ಬೀಳುತ್ತವೆ. ಕೊಬ್ಬರಿಯದ್ದು ಜಿಡ್ಡು, ಒಣಮೀನಿನದ್ದು ಮೂರು ದಿನ ಬಿಸಿಲಿಗೆ ಹಾಕಿದರೂ ಹೋಗದ ವಾಸನೆ. ಮಿಕ್ಕಿದ್ದೆಲ್ಲ ಗಂಡ ಹೇಳಿದ್ದು.

“ಅಲ್ಲಿ ಸಮುದ್ರದ ನೀರು ಹೊಳೆ ಹಿಡ್ಕಂಡು ಗದ್ದೆಗಂಟ ಬರ್ತದಂತೆ. ಮಳೆ ಸುರಿದು ಮಣ್ಣಿನ ಉಪ್ಪು ತೊಳೆದೋದ ಮ್ಯಾಕೆ ಅದೇ ಗದ್ದೇಲಿ ಭತ್ತ ಆಕ್ತಾರಂತೆ. ಭತ್ತ ಕುಯ್ದ ಮ್ಯಾಕೆ ನೀರು ಬುಟ್ಕಂಡು ಮೀನು ಇಡೀತಾರಂತೆ. ನಮ್ಮ ರಾಗಿ ಇಲ್ದಿದ್ರೆ ಅವ್ರಿಗೆ ನಡೆದಾತು, ಅವ್ರ ಉಪ್ಪಿಲ್ದೆ ನಮ್ಗೆ ಹೆಂಗೆ? ಅಂತ ರೇಗಿಸೋರು.”

ಶಂಶುದ್ದೀನರ ಅಜ್ಜನ ಕಾಲದಲ್ಲಿ ಆ ಉಪ್ಪು ಎತ್ತಿನ ಬೆನ್ನ ಮೇಲೆ ಘಟ್ಟ ಹತ್ತುತ್ತಿತ್ತು. ರಸ್ತೆಯಾದ ಮೇಲೆ ಗಾಡಿ ಬಂತು. ವಿರಾಜಪೇಟೆ ದಾಟಿ, ಪೆರುಂಬಾಡಿ ಘಟ್ಟ ಇಳಿದು, ತಲಚೇರಿ ಮುಟ್ಟಲು ಏಳು ದಿನ. ಹೋಗುವಾಗ ಕಾಫಿ, ಬರುವಾಗ ಉಪ್ಪು. ಮಳೆ ಹಿಡಿದರೆ ಯಾರೂ ಗಾಡಿ ಇಳಿಸುವುದಿಲ್ಲ. ಘಟ್ಟದ ಬುಡದ ಚಳಿಜ್ವರಕ್ಕೆ ಸಿಕ್ಕಿದವರು ಉಳಿಯುವುದು ಅಪರೂಪ. ಉಪ್ಪು ತುಂಬಿದ್ದ ಚೀಲಕ್ಕೆ ಕಾಫಿ ತುಂಬಿದರೆ ಚೀಲ ತೇವ ಎಳೆದುಕೊಂಡು ಬೀಜವೆಲ್ಲ ಮುಗ್ಗಲು. ಅದಕ್ಕೇ ಆ ಕರಿ ದಾರ.

ಹತ್ತೊಂಬತ್ತು ವರ್ಷದ ಹಿಂದೆ, ಬೇಸಿಗೆಯ ಕೊನೆಯ ಗಾಡಿಗೆ ಕಾಫಿ ತುಂಬಿದ ಚೀಲಗಳಲ್ಲಿ ಮೂರು ಉಪ್ಪಿನವಾಗಿದ್ದವು, ಅವಕ್ಕೆ ಕರಿ ದಾರ ಇರಲಿಲ್ಲ. ತಲಚೇರಿಯ ಗೋದಾಮಿನವರು ಬೀಜ ಮುಗ್ಗಿದೆ ಎಂದು ಮೂರನ್ನೂ ತಳ್ಳಿಹಾಕಿದರು. ದಾರಿಯಲ್ಲಿ ಚೀಲ ಹರಿದವು, ನಾನೇ ನೋಡದೆ ಅಲ್ಲಿ ಸಿಕ್ಕ ಬೇರೆ ಚೀಲಕ್ಕೆ ಸುರಿದೆ ಎಂದರು ಶಂಶುದ್ದೀನ್. ಊರಿಗೆ ಬಂದಾಗ, ಆಗ ಮಂಡಿಯ ಯಜಮಾನರಾಗಿದ್ದ ಚನ್ನಬಸವಣ್ಣನವರ ತಂದೆ, ಹಾಗಿದ್ದರೆ ನೀನೇ ಹೋಗಿ ಬೇರೆ ಕಾಫಿ ಕೊಟ್ಟು ಬಾ ಎಂದರು. ಆರಿದ್ರೆ ಮಳೆ ಸುರಿಯುತ್ತಿತ್ತು. ಜೊತೆಗೆ ಇನ್ನೊಂದು ಗಾಡಿ ಹೊಡೆದುಕೊಂಡು ಹೋದವನು ಗೆಳೆಯ ಮಂಚಯ್ಯ ಒಬ್ಬನೇ.

ಹಿಂದಿರುಗಿ ಬಂದವನೂ ಮಂಚಯ್ಯ ಒಬ್ಬನೇ. “ಚಳಿಜ್ವರ ಇಡ್ಕಂತು. ಇರಿಟ್ಟಿ ಅತ್ರ ಮಸೀದಿ ಪಕ್ಕ ಮಣ್ಣು ಮಾಡುದ್ರು ಕಣ್ರೀ,” ಎನ್ನುತ್ತಾನೆ ಆತ, ಜಗಲಿಯ ಕೆಳಗೆ ಹಗ್ಗ ಸುತ್ತುತ್ತಾ. “ನಾನು ದೂರ ನಿಂತಿದ್ದೆ. ಎತ್ತು ನಾಕನ್ನೂ ನಾನೇ ಹೊಡ್ಕಂಡು ಬಂದೆ.”

ಈಗೀಗ ಮಂಡಿಯ ಮುಂದೆ ಲಾರಿ ನಿಲ್ಲುತ್ತಿದೆ. ಏಳು ದಿನದ ದಾರಿ ಒಂದೇ ದಿನಕ್ಕೆ ಇಳಿದಿದೆ, ಚೀಲಗಳೂ ಹೊಸವೇ ಬರುತ್ತಿವೆ. ಬರುವ ಬೇಸಿಗೆಗೆ ಗಾಡಿಯವರೆಲ್ಲ ಚದುರಿಹೋಗುತ್ತಾರೆ. ಮಂಚಯ್ಯ ಹಂಪಾಪುರದ ಮಗಳ ಮನೆಗೆ ಹೊರಟಿದ್ದಾನೆ. ಸತ್ಯ ಕೇಳಬೇಕಾದವರು ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದಾರೆ, ಆ ಹಾಳು ಮಾತು ಮಾತ್ರ ಇಲ್ಲೇ ಉಳಿಯುತ್ತದೆ.

ಬೆಳಕು ಹರಿದು ಚನ್ನಬಸವಣ್ಣನವರು ಬೀಗದ ಕೈ ಹಿಡಿದು ಜಗಲಿಗೆ ಬರುತ್ತಾರೆ. ಬೀಬಮ್ಮ ದಬ್ಬಳ ಕೆಳಗಿಡುತ್ತಾರೆ.

“ಅವತ್ತು ಗೋಣಿ ಎಲ್ಲಾ ಬ್ಯಾಸ್ಗೆ ಮಳೇಲಿ ನೆಂದಿದ್ವು ಕಣಪ್ಪ. ನೆಂದ ಗೋಣಿ ಎಲ್ಲಾ ಕೈಗೆ ಒಂದೇ ತರ. ಗಾಡಿ ಹೊರಡ್ತದೆ ಅಂತ ಆತ್ರ ಬೇರೆ. ಮೂರಕ್ಕೆ ಕರಿ ದಾರ ಹಾಕ್ದೆ ಕೊಟ್ಬುಟ್ಟೆ. ತಪ್ಪು ನಂದು. ನನ್ನ ಹೊಲಿಗೆ ಅಂತ ನಮ್ಮನೆಯವ್ರಿಗೆ ತಲಚೇರೀಲೇ ಗೊತ್ತಾಗೋಯ್ತು, ತಮ್ಮ ಮ್ಯಾಕೆ ಆಕಂಡ್ರು.”

ಮಂಚಯ್ಯನ ಕೈಯಲ್ಲಿದ್ದ ಹಗ್ಗ ನಿಲ್ಲುತ್ತದೆ. ಅವನಿಗೆ ಇದು ಹೊಸದಲ್ಲ. ಸಾಯುವ ಹಿಂದಿನ ದಿನ ಗೆಳೆಯ ಎಲ್ಲ ಹೇಳಿ, ಯಾರಿಗೂ ಬಾಯಿ ಬಿಡಬೇಡವೆಂದು ಅವನಿಂದ ಆಣೆ ಹಾಕಿಸಿಕೊಂಡಿದ್ದ.

“ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ ಬೀಬಮ್ಮ?” ಚನ್ನಬಸವಣ್ಣನವರ ದನಿ ತಗ್ಗಿದೆ.

“ಎರಡು ಹೆಣ್ಮಕ್ಳಿದ್ವು. ನಿಮ್ಮಪ್ಪಾರು ಕೆಲಸ ಬುಡಿಸಿದ್ರೆ ಗಂಜಿಗೆ ಎಲ್ಲೋಗ್ಲಿ? ನಮ್ಮನೆಯವ್ರು ಸುಳ್ಳು ಏಳಿದ್ದೂ ಅದಕ್ಕೇಯ. ಈಗ ಮಕ್ಳು ಅವ್ರವ್ರ ಮನೆ ಸೇರ್ಕಂಡವೆ. ಬುಡಿಸೋದಿದ್ರೆ ಬುಡಿಸಿ.”

ಚನ್ನಬಸವಣ್ಣನವರು ಬಾಗಿ ಗುಡ್ಡೆಯಿಂದ ಒಂದು ಚೀಲ ಎಳೆದು ಬೀಬಮ್ಮನವರ ಮುಂದಕ್ಕೆ ಇಡುತ್ತಾರೆ, ಬೀಗ ತೆಗೆಯಲು ಒಳಗೆ ನಡೆಯುತ್ತಾರೆ.

ಒಮ್ಮೆ ಹೋಗಿ ಸಮುದ್ರ ನೋಡುವ ಆಸೆ ಇಲ್ಲವೇ ಎಂದು ಕೇಳಿದರೆ ಬೀಬಮ್ಮ ತಲೆ ಅಲ್ಲಾಡಿಸುತ್ತಾರೆ. “ಅದ್ರ ರುಚಿ ದಿನಾ ನೋಡ್ತೀನಲ್ಲ, ಸಾಕು.” ಚೀಲದ ಮೂಲೆ ತಿರುವಿ ನಾಲಿಗೆಗೆ ಮುಟ್ಟಿಸುತ್ತಾರೆ, ಕಣ್ಣು ಮುಚ್ಚುತ್ತಾರೆ. ಈ ಸಲ ತೆರೆಯಲು ಹೊತ್ತಾಗುತ್ತದೆ.

“ಹೆಸ್ರು ಪೂರ್ತಿ ಬರೀರಿ,” ಎನ್ನುತ್ತಾರೆ, ಕರಿ ದಾರ ಪೋಣಿಸುತ್ತಾ. “ಶಂಶು ಅಂತ ಬರೀಬ್ಯಾಡಿ. ಶಂಶುದ್ದೀನ್. ಗೋಣಿ ನೋಡ್ದೆ ಕೊಟ್ಟೋಳು ಅವ್ರ ಹೆಂಡ್ತಿ ಅಂತ ಬರೀರಿ.”