ಮನೆಗೊಬ್ಬ ಆಳು

ಎಪ್ಪತ್ತು ದಾಟಿದ ಮೇಲೂ ಹೋಟೆಲಮ್ಮನ ಹಲ್ಲುಗಳು ಬೆಳ್ಳಗಿದ್ದವು. ಒಂದೂ ಉದುರಿರಲಿಲ್ಲ, ಒಂದೂ ಅಲುಗುತ್ತಿರಲಿಲ್ಲ. ಹುರಿದ ಕಡಲೆಕಾಯಿಯನ್ನು ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನಷ್ಟೇ ಉಗಿಯುವಳು. ನನ್ನ ಕತ್ತರಿ ಬಟ್ಟೆ ರಾಶಿಯಲ್ಲಿ ಎಲ್ಲೋ ಸೇರಿಹೋದಾಗ ಹೊಲಿಗೆಯ ದಾರವನ್ನು ಹಲ್ಲಿನಲ್ಲೇ ಕಡಿದು ಕೊಟ್ಟು, “ತಗಳಪ್ಪ, ನಿನ್ ಕತ್ರಿ ಸಿಗೋಗಂಟ ಕಾಯ್ತಾ ಕುಂತ್ರೆ ಗಿರಾಕಿ ಬರಿಮೈಯಾಗೆ ಮದ್ವೆಗೋಗ್ಬೇಕಾಯ್ತದೆ” ಎಂದು ಬಾಯಿ ತುಂಬ ನಗುವಳು. ಹಾಗೆ ಬಾಯಿ ತೆರೆದು ನಗುವ ಯೋಗ ಈ ಊರಿನಲ್ಲಿ ಎಲ್ಲರಿಗೂ ಇರಲಿಲ್ಲ.

ನಮ್ಮ ಕಡೆ ಒಬ್ಬ ಮನುಷ್ಯ ಯಾವ ನೀರು ಕುಡಿದು ಬೆಳೆದವನು ಎಂದು ಕೇಳಬೇಕಾಗಿಲ್ಲ, ಅವನು ನಕ್ಕರೆ ಸಾಕು. ನಾನು ಪಾವಗಡದ ಕಡೆಯವನು, ಬೋರ್‌ವೆಲ್ ನೀರಿನ ಮಗ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಮದುವೆಯ ಫೋಟೋದಲ್ಲಿ ನಾನು ತುಟಿ ಬಿಗಿದು ಕೂತಿರುವುದನ್ನು ನೋಡಿದವರು, ಹುಡುಗನಿಗೆ ಈ ಸಂಬಂಧ ಒಪ್ಪಿಗೆಯಿರಲಿಲ್ಲವೇನೋ ಅಂದುಕೊಳ್ಳುತ್ತಾರೆ. ನಮ್ಮಪ್ಪನಿಗೆ ಐವತ್ತಕ್ಕೇ ಮಂಡಿ ಸೊಟ್ಟಗಾಗಿ ಕೋಲು ಬಂತು. ಆಳದ ನೀರಿನಲ್ಲಿ ಫ್ಲೋರೈಡ್ ಇದೆ, ಕುಡಿಯಬೇಡಿ ಎಂದು ಈಗ ಶಾಲೆಯ ಗೋಡೆಯ ಮೇಲೂ ಬರೆದಿದ್ದಾರೆ. ಗೋಡೆಯ ಪಕ್ಕದ ನಲ್ಲಿಯಲ್ಲಿ ಬರುವುದು ಅದೇ ನೀರು.

ಮಧುಗಿರಿಯಲ್ಲಿ ಹೊಲಿಗೆ ಕಲಿತು, ಅಲ್ಲಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿರುವ ಈ ಊರಿಗೆ ಮಿಷನ್ ಹೊತ್ತುಕೊಂಡು ಬಂದಾಗ ನನಗೆ ಕೂರಲು ಜಾಗವಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿಗೆ ಹೊಂಗೆ ಮರದ ಕೆಳಗೆ ಶೀಟಿನ ಹೋಟೆಲು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದ ಹೋಟೆಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಜಗಲಿ ಮ್ಯಾಲೆ ಆಕ್ಕೊಳ್ಲಾ. ಮಿಷನ್ ಸದ್ದಿದ್ರೆ ಹೋಟ್ಲಾಗೆ ಜನ ಇದ್ದಂಗಿರ್ತದೆ” ಅಂದಳು. ಬಾಡಿಗೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಮಾತಿನಲ್ಲಿ ತೆಲುಗು ನುಸುಳುವುದನ್ನು ಕಂಡು, ಬೆಳಗ್ಗೆ ಬೆಳಗ್ಗೆ “ಏಮಯ್ಯಾ ಟೈಲ್ರು, ತಿನ್ನಾವಾ?” ಎಂದು ಅಣಕಿಸಿ ಇಡ್ಲಿ ತಟ್ಟೆ ತಂದಿಡುವಳು. ಆ ಜಗಲಿಯಲ್ಲಿ ಕೂತು ನಾನು ಈ ಊರಿನ ಅರ್ಧ ಜನರ ಬಟ್ಟೆ ಹೊಲಿದೆ, ಪೂರ್ತಿ ಜನರ ಮಾತು ಕೇಳಿಸಿಕೊಂಡೆ.

ಅವಳ ಹಲ್ಲಿನ ಗುಟ್ಟು ಹೊಳೆಯ ದಂಡೆಯಲ್ಲಿತ್ತು. ನಮ್ಮ ಸೀಮೆಯವರಿಗೆ ತಲಪರಿಗೆ ಎಂದರೆ ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಹೊಳೆ ವರ್ಷವಿಡೀ ಒಣಗಿದ್ದರೂ ದಂಡೆಯ ಮರಳಿನ ಅಡಿಯಲ್ಲಿ ನೀರು ಮೆಲ್ಲಗೆ ಸರಿದಾಡುತ್ತಿರುತ್ತದೆ. ಅಂಥ ಕಡೆ ಆಳುದ್ದ ಅಗೆದರೆ ನಾಲ್ಕೂ ಪಕ್ಕದಿಂದ ಒಸರಿ ಗುಂಡಿ ತುಂಬುತ್ತದೆ. ಆ ಒರತೆಯೇ ತಲಪರಿಗೆ. ಮೋಟಾರು ಬೇಡ, ಕರೆಂಟು ಬೇಡ. ಬೇಕಾದದ್ದು ಒಂದೇ, ವರ್ಷಕ್ಕೊಮ್ಮೆ ತುಂಬಿಕೊಂಡ ಹೂಳನ್ನು ಕೈಯಿಂದ ಎತ್ತಿ ಹಾಕಬೇಕು. ಅದಕ್ಕೆ ಈ ಊರಿನಲ್ಲಿ ಒಂದು ಕಟ್ಟುಪಾಡಿತ್ತು. ಶಿವರಾತ್ರಿ ಕಳೆದ ಮೇಲೆ ತಮಟೆ ಹೊಡೆದು ಸಾರುವರು. ಮನೆಗೊಬ್ಬ ಆಳು ಗುದ್ದಲಿ ಮಂಕರಿ ಹಿಡಿದು ಬರಬೇಕು. ದೊಡ್ಡ ಮನೆ, ಚಿಕ್ಕ ಮನೆ, ಮೇಲಿನ ಕೇರಿ, ಕೆಳಗಿನ ಕೇರಿ ಎಲ್ಲರೂ. ಹೂಳು ತೆಗೆದು, ಗಂಗಮ್ಮನಿಗೆ ಪೂಜೆ ಮಾಡಿ, ಹೊಸ ನೀರಿನಲ್ಲಿ ಹೋಟೆಲಮ್ಮ ಕಾಯಿಸಿದ ಟೀ ಕುಡಿದು ಮನೆಗೆ ಹೋಗುವರು.

“ಕರೀದಿದ್ರೆ ಹಸ ಹಾಲು ಬತ್ತಿಸ್ಕಂತದೆ, ಮಣ್ಣು ತೆಗೀದಿದ್ರೆ ತಲಪರಿಗೆ ಕಣ್ಮುಚ್ಕಂತದೆ” ಎನ್ನುವುದು ಅವಳ ಮಾತು. ದಿನಾ ಹೊತ್ತು ಮೂಡುವ ಮುಂಚೆ ಸೊಂಟದ ಮೇಲೊಂದು, ತಲೆಯ ಮೇಲೊಂದು ಬಿಂದಿಗೆ ತರುವಳು. ನನಗೆ ಮಗಳು ಹುಟ್ಟಿದ ಮೇಲೆ ಇನ್ನೊಂದು ಸಲ ಹೋಗಿ ಬರತೊಡಗಿದಳು. ಆ ಬಿಂದಿಗೆಯನ್ನು ನಮ್ಮ ಮನೆಯ ಹೊಸ್ತಿಲ ಮೇಲೆ ಇಟ್ಟು ನನ್ನ ಹೆಂಡತಿಗೆ, “ಕೂಸಿಗೆ ಈ ನೀರೇ ಕಾಯಿಸಿ ಕುಡ್ಸು ಕಣಮ್ಮ. ನಲ್ಲಿ ನೀರು ಸೋಕಿಸ್ಬ್ಯಾಡ. ಇವ್ಳಾದ್ರೂ ಮದ್ವೆ ಫೋಟೋದಾಗೆ ನಗ್ಲಿ” ಅಂದಳು. ನಾನು ಜಗಲಿಯ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವುದನ್ನು ಅವಳು ಎಷ್ಟು ದಿನದಿಂದ ಗಮನಿಸಿದ್ದಳೋ. ನನ್ನ ಮಗಳು ಶಾಲೆ ಮುಗಿಸುವ ತನಕ ಆ ಬಿಂದಿಗೆ ತಪ್ಪಲಿಲ್ಲ.

ಹೋಟೆಲಮ್ಮ ದೇವತೆಯೇನೂ ಆಗಿರಲಿಲ್ಲ. ನಾಲಿಗೆ ಬಲು ಹರಿತ. ಹೂಳೆತ್ತಲು ಆಳು ಕಳಿಸದ ಮನೆಯವರಿಗೆ ಅವಳ ಹೋಟೆಲಿನಲ್ಲಿ ಆ ವರ್ಷ ಪೂರ್ತಿ ಟೀ ಇರಲಿಲ್ಲ. ಮನೆಮನೆಗೆ ನಲ್ಲಿ ಬಂದ ಮೇಲೆ ಬರುವವರು ಕಡಿಮೆಯಾದರು, ಅವಳ ಕಟ್ಟು ಮಾತ್ರ ಸಡಿಲವಾಗಲಿಲ್ಲ. ಒಂದು ದಿನ ನಮ್ಮ ವಾರ್ಡಿನ ಪಂಚಾಯಿತಿ ಮೆಂಬರು ನಾಲ್ಕು ಜನರ ಮುಂದೆ ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಹೊಸದಾಗಿ ಸೇರಿದ ಕೆಲಸದ ಹುಡುಗಿ ಗೊತ್ತಿಲ್ಲದೆ ಅವನಿಗೂ ಟೀ ಕೊಟ್ಟಿದ್ದಳು. ಹೋಟೆಲಮ್ಮ ಒಳಗಿನಿಂದ ಬಂದವಳೇ ಅವನ ಕೈಯಿಂದ ಲೋಟ ಕಿತ್ತುಕೊಂಡಳು.

“ಟೀ ಕುಡಿಯಾಕೆ ಬಾಯೈತೆ, ಮಂಕರಿ ಹೊರಾಕೆ ತಲೆ ಇಲ್ವೇನ್ಲಾ ನಿಂಗೆ?”

“ನಮ್ಮನ್ಯಾಗೆ ನಲ್ಲಿ ಐತಲ್ಲಮ್ಮ, ನಿನ್ ತಲಪರಿಗೆ ನನಗ್ಯಾಕೆ?”

“ಅಂಗಾದ್ರೆ ನಲ್ಲಿ ನೀರಾಗೇ ಟೀ ಕಾಯಿಸ್ಕಂಡು ಕುಡಿ, ಹೋಗು.”

ಟೀಯನ್ನು ಹೊಂಗೆ ಮರದ ಬುಡಕ್ಕೆ ಚೆಲ್ಲಿದಳು. ಬೆಂಚಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚಿಸಿದಾಗ ಅನ್ನಿಸಿತು, ನ್ಯಾಯ ಅವಳ ಕಡೆ ಇತ್ತು, ಆದರೆ ಅವತ್ತು ಅವಳು ಒಬ್ಬನನ್ನು ಪೂರ್ತಿ ಕಳೆದುಕೊಂಡಳು. ಬೈಸಿಕೊಂಡವರು ಮಂಕರಿ ಹಿಡಿದು ಬರಲಿಲ್ಲ, ರಸ್ತೆಯಾಚೆ ಹೊಸದಾಗಿ ತೆರೆದ ಬೇಕರಿಗೆ ಹೋದರು. ನಾನಿದನ್ನು ಮೆಲ್ಲಗೆ ಹೇಳಿದಾಗ, “ಓಗ್ಲಿ ಬುಡು, ಎಷ್ಟು ದಿನ ಓಯ್ತಾರೆ” ಅಂದಳು. ಅವರು ತಿರುಗಿ ಬರಲಿಲ್ಲ.

ಕೊನೆಕೊನೆಗೆ ತಮಟೆ ಸದ್ದಿಗೆ ಬರುತ್ತಿದ್ದವರು ಕೈಬೆರಳೆಣಿಕೆಗೂ ಸಾಲದಷ್ಟು ಮುದುಕರು, ಜೊತೆಗೆ ನಾನು. ಅಂಥ ಒಂದು ವರ್ಷ ಮೆಂಬರು ತಾನೇ ಹೋಟೆಲಿಗೆ ಬಂದ. ಯಾವುದೋ ಯೋಜನೆಯಲ್ಲಿ ತಲಪರಿಗೆಗೆ ಹಣ ಬಂದಿದೆ ಅಂದ. ಜೆಸಿಬಿಯಿಂದ ಆಳ ಮಾಡಿಸಿ, ಸುತ್ತ ಸಿಮೆಂಟಿನ ಗೋಡೆ ಎಬ್ಬಿಸಿ, ಮೆಟ್ಟಿಲು ಕಟ್ಟಿಸಿ, ಗಂಗಮ್ಮನಿಗೆ ಪುಟ್ಟ ಗುಡಿ ಮಾಡಿಸುತ್ತೇನೆ ಅಂದ. “ಇನ್ನು ಯಾವನ ಮನೆ ಬಾಗ್ಲಿಗೂ ನೀನು ಓಗಂಗಿಲ್ಲ ಕಣಮ್ಮ, ಹೂಳೇ ತುಂಬಲ್ಲ. ನಿನ್ ಕಾಲ ಮುಗಿದ್ರೂ ತಲಪರಿಗೆ ಇರ್ತದೆ.”

ಅವನು ಹಗೆ ತೀರಿಸಿಕೊಳ್ಳಲು ಬಂದಿದ್ದ ಎಂದು ಹೇಳಿದರೆ ನನ್ನ ನಾಲಿಗೆ ಸುಟ್ಟೀತು. ಒಳ್ಳೆಯದಾಗಲಿ ಎಂದೇ ಬಂದಿದ್ದ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಕೆಟ್ಟದ್ದು ಮಾಡಲು ಬಂದವನನ್ನು ಹೋಟೆಲಮ್ಮ ಒಲೆಯ ಸೌದೆ ಹಿಡಿದು ಅಟ್ಟುತ್ತಿದ್ದಳು.

ಅವಳು ಒಲೆಯ ಸೌದೆಯನ್ನು ಒಳಕ್ಕೆ ತಳ್ಳಿದಳು. ಆಮೇಲೆ ನನ್ನ ಕಡೆ ತಿರುಗಿ, “ಆಗ್ಲಿ ಬುಡ್ಲಾ. ನನ್ ಮಂಡಿನೂ ಸೋತ್ವು. ಕರುದು ಕರುದು ಬಾಯಿನೂ ಸೋತೋಯ್ತು” ಅಂದಳು. ಆ ಮೆಂಬರಿಗೆ ಎಷ್ಟೋ ವರ್ಷದ ಮೇಲೆ ಒಂದು ಲೋಟ ಟೀ ಕೊಟ್ಟಳು. ಜೆಸಿಬಿ ಬಂದ ದಿನ ಡ್ರೈವರಿಗೂ ಇಡ್ಲಿ ಕಟ್ಟಿಕೊಂಡು ಹೋದಳು. ಊರಿನವರೆಲ್ಲ ದಂಡೆಯ ಮೇಲೆ ನಿಂತು ನೋಡಿದರು. ಒಂದು ಮಂಕರಿ ಎತ್ತಲು ಪುರುಸೊತ್ತಿಲ್ಲದವರಿಗೆ ಮಿಷನ್ ಎತ್ತುವುದನ್ನು ನೋಡಲು ಇಡೀ ದಿನ ಇತ್ತು.

ಗೋಡೆ ಚೆನ್ನಾಗಿಯೇ ಬಂತು. ನೀಲಿ ಬಣ್ಣ, ಕಬ್ಬಿಣದ ಗ್ರಿಲ್ಲು, ಹೆಸರುಗಳನ್ನು ಕೆತ್ತಿದ ಕಲ್ಲು. ಬರಬೇಕಾಗಿದ್ದ ನೀರು ಮಾತ್ರ ಬರಲಿಲ್ಲ. ಅದು ಬರುತ್ತಿದ್ದದ್ದು ಪಕ್ಕದ ಮರಳಿನಿಂದ, ಪಕ್ಕಗಳನ್ನೆಲ್ಲ ಸಿಮೆಂಟು ಮುಚ್ಚಿತ್ತು. ಅದು ನಿಲ್ಲುತ್ತಿದ್ದದ್ದು ತಳದ ಜೇಡಿಮಣ್ಣಿನ ಮೇಲೆ, ಆ ಜೇಡಿಯನ್ನು ಜೆಸಿಬಿ ಕಿತ್ತುಹಾಕಿತ್ತು. ಇದ್ದಷ್ಟು ನೀರು ಕೆಳಕ್ಕೆ ಇಳಿದುಹೋಯಿತು. ಮುಂದಿನ ಬೇಸಿಗೆಗೆ ಒಳಗೆ ಉಳಿದದ್ದು ಗುಟ್ಕಾ ಪ್ಯಾಕೆಟ್ಟು, ಒಣಗಿದ ಹೂವಿನ ಹಾರ. ಒಂದು ಮುಂಜಾನೆ ಹೋಟೆಲಮ್ಮ ಖಾಲಿ ಬಿಂದಿಗೆಗಳ ಜೊತೆ ವಾಪಸು ಬಂದು ನನ್ನ ಮಿಷನ್ನಿನ ಪಕ್ಕ ಕೂತಳು.

“ನಾನೇ ಹೂಂ ಅಂದ್ಬುಟ್ನಲ್ಲೋ ಟೈಲ್ರು. ಯಾರ್ನ ಬಯ್ಲಿ?”

ಬಯ್ಯಲು ಗೊತ್ತಿದ್ದ ಹೆಂಗಸು ಅವತ್ತಿನಿಂದ ಬಯ್ಯುವುದನ್ನು ಬಿಟ್ಟಳು. ಮನೆಮನೆಗೆ ಹೋದಳು. ಟೀ ಇಲ್ಲ ಎಂದು ತಾನೇ ಅಟ್ಟಿದ್ದವರ ಬಾಗಿಲಲ್ಲೂ ನಿಂತಳು. ಗೋಡೆ ಒಡೆಯೋಣ, ತಳಕ್ಕೆ ಜೇಡಿ ತಂದು ತುಳಿಯೋಣ, ಮತ್ತೆ ಕೈಯಿಂದ ಕೆರೆಯೋಣ, ಒರತೆ ಸತ್ತಿಲ್ಲ, ದಾರಿ ಸಿಕ್ಕದೆ ನಿಂತಿದೆ ಅಷ್ಟೇ, ಮನೆಗೊಬ್ಬ ಆಳು ಬನ್ರಪ್ಪ ಎಂದು ಕೈ ಮುಗಿದಳು. ಜೊತೆಯಲ್ಲಿದ್ದ ನನಗೆ ಆ ಮುಗಿದ ಕೈಗಳನ್ನು ನೋಡಲಾಗಲಿಲ್ಲ. ಒಬ್ಬ, “ಗೌರ್ಮೆಂಟ್ ಗೋಡೆ ಒಡುದ್ರೆ ಕೇಸಾಯ್ತದೆ ಅಜ್ಜಿ” ಅಂದ. ಇನ್ನೊಬ್ಬಳು, “ಫಿಲ್ಟರ್ ನೀರು ಬಂದೈತಲ್ಲ, ಕಾರ್ಡು ಹಿಡಿದ್ರೆ ಕ್ಯಾನು ತುಂಬ್ತದೆ. ನೀನ್ಯಾಕೆ ಇನ್ನೂ ಆ ಗುಂಡಿ ಅಂತೀಯ?” ಅಂದಳು. ಫಿಲ್ಟರ್ ಕೆಟ್ಟು ನಿಂತ ವಾರಗಳಲ್ಲಿ ಅದೇ ಮನೆಯ ಮಕ್ಕಳು ನಲ್ಲಿಯ ನೀರು ಕುಡಿಯುವುದನ್ನು ನಾನು ಜಗಲಿಯಿಂದ ಕಂಡಿದ್ದೇನೆ.

ಹೇಳಿದ್ದ ದಿನ ಅವಳು ತಮಟೆಯನ್ನೂ ಹೊಡೆಸಿದಳು. ಹೊಳೆದಂಡೆಗೆ ಹೋದವರು ಅವಳು, ನಾನು, ಕುರಿ ಕಾಯುವ ಒಬ್ಬ ಮುದುಕ. ಊರು ಬರುತ್ತದೆಂದು ಅವಳು ದೊಡ್ಡ ಪಾತ್ರೆಯಲ್ಲಿ ಟೀ ಕಾಯಿಸಿ ತಂದಿದ್ದಳು. ಬಿಸಿಲು ಏರುವವರೆಗೂ ಊರಿನ ದಾರಿಯನ್ನೇ ನೋಡುತ್ತಾ ಕೂತೆವು. ಟೀ ಆರಿಹೋಯಿತು. ಅದನ್ನು ಒಣ ತಲಪರಿಗೆಯೊಳಕ್ಕೆ ಸುರಿದು, “ಕುಡ್ಕಳವ್ವ ಗಂಗಮ್ಮ, ನಿಂಗಾದ್ರೂ ಪುರುಸೊತ್ತೈತೆ” ಅಂದಳು. ಕುರಿಯವನು ನಕ್ಕ. ಅವಳು ನಗಲಿಲ್ಲ.

ಆಮೇಲೆ ಹೋಟೆಲು ಹೆಚ್ಚು ದಿನ ನಡೆಯಲಿಲ್ಲ. ಕ್ಯಾನಿನ ನೀರಿನಲ್ಲಿ ಟೀ ಮಾಡಿ ರುಚಿ ನೋಡಿ ಉಗಿದಳು, ನಲ್ಲಿಯ ನೀರಿನಲ್ಲಿ ಮಾಡಲು ಕೈ ಬರಲಿಲ್ಲ. ಒಂದು ದಿನ ಒಲೆ ಹಚ್ಚಲಿಲ್ಲ, ಮಾರನೆಯ ದಿನವೂ ಇಲ್ಲ. ನನ್ನನ್ನು ಮಾತ್ರ ಜಗಲಿಯಿಂದ ಏಳಿಸಲಿಲ್ಲ. ಪಕ್ಕದಲ್ಲಿ ಕೂತು ದಾರ ಕಡಿದು ಕೊಡುವಳು. ನನ್ನ ಮಗಳು ಊರಿಗೆ ಬಂದಾಗ ಅವಳ ಗದ್ದ ಹಿಡಿದೆತ್ತಿ, “ಎಲ್ಲಿ, ನಗವ್ವ” ಎಂದು ಕೇಳುವಳು. ಮಗಳು ಹಲ್ಲು ತೋರಿಸಿ ನಗುವಳು. ಅದೊಂದೇ ಆಗ ಅವಳಿಗೆ ಉಳಿದಿದ್ದ ಲಾಭ. ಮೆಂಬರನ ಮೊಮ್ಮಗಳೂ ಹೊಸ ಲಂಗಕ್ಕೆ ಅಳತೆ ಕೊಡಲು ಬರುತ್ತಾಳೆ. ತಮಾಷೆ ಮಾಡಿದರೆ ಆ ಕೂಸು ಬಾಯಿಗೆ ಕೈ ಅಡ್ಡ ಹಿಡಿಯುತ್ತದೆ. ಅದನ್ನು ನೋಡಿ ಖುಷಿಪಡುವಷ್ಟು ಕೆಟ್ಟವನಲ್ಲ ನಾನು. ಆ ಕೈ ಎಂಥದ್ದೆಂದು ನನಗೆ ಗೊತ್ತು.

ಹೋದ ಬೇಸಿಗೆಯಲ್ಲಿ ಹೋಟೆಲಮ್ಮ ಮಲಗಿದಲ್ಲೇ ಹೋದಳು. ಕೊರಟಗೆರೆಯಿಂದ ಅವಳ ಅಣ್ಣನ ಮಗ ಬಂದ. ಹೊಳೆದಂಡೆಯ ಮೇಲೆ ಅವಳದೇ ಒಂದು ತುಂಡು ಜಾಗವಿತ್ತು, ತಲಪರಿಗೆಗೆ ಕೂಗಳತೆ. ಅಲ್ಲೇ ಮಣ್ಣು ಮಾಡುವುದೆಂದು ಹಿರಿಯರು ಹೇಳಿದರು. ಈ ಊರಿನಲ್ಲಿ ಸಾವಿಗೂ ಅದೇ ಕಟ್ಟು ಇದೆ: ಗುಂಡಿ ತೆಗೆಯಲು ಮನೆಗೊಬ್ಬ ಆಳು ಬರಬೇಕು.

ಬಂದರು. ಒಂದು ಮನೆಯೂ ತಪ್ಪಿಸಲಿಲ್ಲ. ಕೇಸಾಗುತ್ತದೆ ಅಂದವನು ಬಂದ, ಕ್ಯಾನು ತುಂಬುತ್ತದೆ ಅಂದವಳ ಗಂಡ ಬಂದ. ಮಧುಗಿರಿಯ ಕೋರ್ಟಿನಲ್ಲಿ ಕೆಲಸ ಮಾಡುವವನು ರಜೆ ಹಾಕಿ ಬಂದ. ಅಟ್ಟದ ಮೇಲಿಂದ ಇಳಿಸಿದ ಮಂಕರಿಗಳಿಗೆ ಜೇಡರ ಬಲೆ ಹಾಗೇ ಅಂಟಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇವರೆಲ್ಲ ಬರಲಿ ಎಂದು ಅವಳು ಸಾಯಬೇಕಾಯಿತು.

ಬಿಸಿಲಿಗೆ ಬೆವೆತ ಮೆಂಬರು ಫೋನು ತೆಗೆದ. “ನೆಲ ಗಟ್ಟಿ ಐತೆ. ಜೆಸಿಬಿ ಕರೆಸ್ಬುಡ್ಲಾ?”

“ಥೂ, ಎಲ್ಲಾರ ಉಂಟೇನಪ್ಪ?” ಎಂದು ಹಿರಿಯನೊಬ್ಬ ಗದರಿದ. “ಹೋಟ್ಲಮ್ಮನ ಗುಂಡಿಗೆ ಮಿಷನ್ ಮುಟ್ಟುಸ್ತಾರಾ? ಕೈಯಾಗೇ ತೆಗೀಬೇಕು.”

ಎಲ್ಲರೂ ಹೌದು ಹೌದು ಅಂದರು. ಸರದಿಯ ಮೇಲೆ ಒಬ್ಬರ ಕೈಯಿಂದ ಒಬ್ಬರು ಗುದ್ದಲಿ ತೆಗೆದುಕೊಂಡು ಅಗೆದರು. ಮಂಕರಿ ಕೈಯಿಂದ ಕೈಗೆ ದಾಟಿತು. ಇಷ್ಟು ಚೆನ್ನಾಗಿ ಕೆಲಸ ಮಾಡುವ ಊರು ಇದು ಎಂದು ನನಗೆ ಗೊತ್ತಿರಲಿಲ್ಲ. ಹೊಳೆದಂಡೆಯಾದರೂ ಎದೆಮಟ್ಟ ಇಳಿದ ಮೇಲೂ ಮಣ್ಣಿನಲ್ಲಿ ತೇವವಿರಲಿಲ್ಲ. ಎತ್ತಿ ಹಾಕಿದ್ದು ಗಾಳಿಗೆ ಎದ್ದು ಎಲ್ಲರ ಬಾಯಿಗೇ ಬರುತ್ತಿತ್ತು.

ಗುಂಡಿಯೊಳಗಿದ್ದ ಮೆಂಬರು ಗುದ್ದಲಿ ಊರಿ ನಿಂತು ಕೆಮ್ಮಿದ. “ಯಾರಾದ್ರೂ ಒಂದ್ ಗುಟುಕು ನೀರು ಕೊಡ್ರೋ” ಅಂದ.

ಯಾರೂ ತಂದಿರಲಿಲ್ಲ. ಹೊಳೆದಂಡೆಗೆ ಬರುವಾಗ ಮನೆಯಿಂದ ನೀರು ತರುವ ರೂಢಿ ಈ ಊರಿಗೆ ಯಾವತ್ತೂ ಇರಲಿಲ್ಲ. ನಾವೆಲ್ಲ ಒಟ್ಟಿಗೇ ತಲಪರಿಗೆಯ ಕಡೆ ತಿರುಗಿದೆವು.