ಮಧ್ಯಾಹ್ನಕ್ಕೆ ಸಿಕ್ಕ ಹಬ್ಬ

ಲಾಕ್‌ಡೌನಿನ ಆ ವರ್ಷ ರಂಜಾನ್ ಹಬ್ಬ ನಾನಿರುವ ಪರದೇಶದ ಊರು ಲಿಮೆರಿಕ್‌ನಲ್ಲಿ ಭಾನುವಾರ ಬಂತು, ಹುಬ್ಬಳ್ಳಿಯಲ್ಲಿ ಸೋಮವಾರ. ತಾಯಿಯನ್ನು ನೋಡಲು ಹೋಗಿದ್ದ ನನ್ನ ಹೆಂಡತಿ ವಿಮಾನಗಳು ನಿಂತದ್ದರಿಂದ ಹುಬ್ಬಳ್ಳಿಯಲ್ಲೇ ಉಳಿದಿದ್ದಳು. ನನಗೆ ಹಬ್ಬ, ಅವಳಿಗೆ ಇನ್ನೂ ಉಪವಾಸ. ಆದರೂ ಹಬ್ಬದ ಊಟ ಇಬ್ಬರೂ ಒಟ್ಟಿಗೇ ಮಾಡಬೇಕೆಂಬುದು ನನ್ನ ಹಟ. ಮದುವೆಯಾದ ಮೇಲೆ ಒಂದೇ ಒಂದು ಸಲ ಅದು ತಪ್ಪಿತ್ತು, ಅದೂ ಪೆಸಿಫಿಕ್ ಸಾಗರದ ನಡುವಿನ ಒಂದು ಪುಟ್ಟ ದ್ವೀಪದಲ್ಲಿ.

ಆಗ ನಾನು ಗುತ್ತಿಗೆಯ ಅಡುಗೆಯವ. ಯುದ್ಧ ನಡೆಯುತ್ತಿದ್ದದ್ದು ಬೇರೆಲ್ಲೋ. ನಮ್ಮ ದ್ವೀಪದಲ್ಲಿ ವಿಮಾನಗಳು ಇಂಧನ ತುಂಬಿಸಿಕೊಳ್ಳಲು ಇಳಿಯುತ್ತಿದ್ದವು, ನಾವು ಸೈನಿಕರಿಗೆ ಬೇಯಿಸಿ ಹಾಕುತ್ತಿದ್ದೆವು. ಸಾಮಾನಿನ ಹಡಗು ಯಾವಾಗ ಬರುತ್ತದೆಂದು ಕೇಳಿದರೆ ಯುದ್ಧದ ಗುಟ್ಟು ಎನ್ನುತ್ತಿದ್ದರು. ಈರುಳ್ಳಿ ಮುಗಿದದ್ದೂ ಗುಟ್ಟೇ ಇರಬೇಕು ಎಂದು ನಾನು ಗೊಣಗುತ್ತಿದ್ದೆ.

ರಂಜಾನಿನ ಕೊನೆಗೆ ಅಲ್ಲಿ ಮೋಡ ಕವಿದು ಚಂದ್ರ ಕಾಣಲಿಲ್ಲ. ಊರಲ್ಲಿ ಸಂಜೆಯಾಗುವ ಹೊತ್ತು ನೋಡಿ ಹುಬ್ಬಳ್ಳಿಗೆ ಫೋನ್ ಮಾಡಿದೆ. ಚಂದ್ರದರ್ಶನ ಆಗಿದೆ, ನಾಳೆ ಹಬ್ಬ ಎಂದಳು ಆಗಷ್ಟೇ ಮದುವೆಯಾಗಿದ್ದ ಹೆಂಡತಿ. ಸರಿ, ಅಡುಗೆಮನೆಯವರೆಲ್ಲ ಇನ್ನೊಂದು ಉಪವಾಸ ಹಿಡಿದೆವು. ಮಧ್ಯಾಹ್ನ, ನಮ್ಮಲ್ಲೇ ಹಿರಿಯರಾದ ಬಂಗಾಳಿ ಚಾಚಾ ಬೆರಳು ಎಣಿಸುತ್ತ ಕೂತಿದ್ದವರು ದಡಕ್ಕನೆ ಎದ್ದರು. ಊರಲ್ಲಿ ಸಂಜೆಯಾಗುವಷ್ಟರಲ್ಲಿ ದ್ವೀಪದಲ್ಲಿ ತಾರೀಖೇ ಬದಲಾಗಿರುತ್ತದೆ, ಊರಿನವರು ನಾಳೆ ಎಂದದ್ದು ನಮ್ಮ ಈ ದಿನವನ್ನೇ ಎಂದರು. ಹಬ್ಬದ ದಿನ ಉಪವಾಸ ಕೂಡದು. ಎಲ್ಲರೂ ಡಬ್ಬಿಯ ಅನಾನಸ್ ಬಾಯಿಗೆ ಹಾಕಿಕೊಂಡು ಬಿದ್ದು ಬಿದ್ದು ನಕ್ಕೆವು. ಸಂಜೆಯೊಳಗೆ ಈರುಳ್ಳಿಯಿಲ್ಲದ ಬಿರಿಯಾನಿ ತಯಾರಾಯಿತು, ಪೈಲಟ್‌ಗಳೂ ತಟ್ಟೆ ಹಿಡಿದು ಸಾಲಿಗೆ ನಿಂತರು. ಅಷ್ಟು ಗದ್ದಲದ, ಅಷ್ಟು ಖುಷಿಯ ಹಬ್ಬ ನಾನು ಮತ್ತೆ ಕಂಡಿಲ್ಲ. ಅವಳಿಲ್ಲದೆ ಉಂಡೆನಲ್ಲ ಎಂಬುದೊಂದೇ ಚುಚ್ಚುತ್ತಿತ್ತು.

ಲಿಮೆರಿಕ್‌ನಲ್ಲಿ ಆ ಭಾನುವಾರ ಶಾಸ್ತ್ರಕ್ಕೆಂದು ಒಂದು ಖರ್ಜೂರ ತಿಂದು, ಮಸೀದಿ ಮುಚ್ಚಿದ್ದರಿಂದ ಮನೆಯಲ್ಲೇ ನಮಾಜು ಮುಗಿಸಿ, ಹಾಲು ಶಾವಿಗೆಯ ಸುರಕುಂಬಾ ಕುದಿಸಿದೆ. ಅಕ್ಕಪಕ್ಕದವರ ಬಾಗಿಲಲ್ಲಿ ಬಟ್ಟಲಿಟ್ಟು ದೂರ ಸರಿದು ನಿಂತೆ. ಎದುರುಮನೆಯ ಅಜ್ಜಿ ಕಿಟಕಿಯಿಂದಲೇ ರುಚಿ ನೋಡಿ, ಗ್ರ್ಯಾಂಡ್ ಎಂದು ಹೆಬ್ಬೆರಳೆತ್ತಿದರು. ನನ್ನ ಪಾಲನ್ನು ಮಾತ್ರ ನಾನು ಮುಟ್ಟಲಿಲ್ಲ. ಹುಬ್ಬಳ್ಳಿಯಲ್ಲಿ ಹೊತ್ತು ಮುಳುಗುವಾಗ ನಮ್ಮಲ್ಲಿ ಮಧ್ಯಾಹ್ನ. ಅವಳು ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ ವಿಡಿಯೋ ಕಾಲ್ ಮಾಡಿದೆ.

ಮನೆಯಲ್ಲಿ ನಮ್ಮದು ಉರ್ದು. ನನ್ನನ್ನು ಗದರಬೇಕಾದಾಗ ಮಾತ್ರ ಅವಳಿಗೆ ಕನ್ನಡ ಬೇಕು. ತುಂಬಿದ ಬಟ್ಟಲು ನೋಡಿದ್ದೇ, "ಹಬ್ಬದ ದಿನಾ ಉಪಾಸ ಕುಂತೀರೇನು? ತಪ್ಪಾಗತೈತ್ರಿ," ಎಂದಳು.

"ಉಪಾಸ ಅಲ್ಲ. ನಿನ್ನ ಕಾಯಾಕತ್ತಿದ್ದೆ."

ಅಷ್ಟರಲ್ಲಿ ಅವಳ ಕಡೆ ಆಜಾನ್ ಕೇಳಿಸಿತು. ಬೆಳಗಿನಿಂದ ನೀರೂ ಮುಟ್ಟದವಳು, ಖರ್ಜೂರವನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ನನ್ನನ್ನು ನೋಡಿದಳು.

"ಹಂಗಾರ ಮೊದ್ಲ ನೀವ ತಿನ್ರಿ."