ನಾಲ್ಕು ಉಂಗುರದ ಔಷಧಿ

ಹಾಸನದಲ್ಲಿ ನಮಗೆ ಔಷಧಶಾಸ್ತ್ರ ಹೇಳಿಕೊಟ್ಟ ಮೇಡಂ ಅವರ ಹಲ್ಲುಗಳು ಕಂದು ಬಣ್ಣದವು. ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ನ ಪಾಠದ ದಿನ ಅವರು ಬೋರ್ಡಿನ ಮೇಲೆ ಒಂದಕ್ಕೊಂದು ಅಂಟಿದ ನಾಲ್ಕು ಉಂಗುರ ಬರೆದು, ತಮ್ಮ ಹಲ್ಲು ತೋರಿಸಿದ್ದರು. "ಬೆಳೆಯೋ ಹಲ್ಲಿನ ಕ್ಯಾಲ್ಸಿಯಂ ಕಂಡ್ರೆ ಇದು ಕಚ್ಕೊಂಡು ಕಲೆ ಮಾಡುತ್ತೆ. ಆಗ ನಾಲ್ಕು ವರ್ಷದ ಮಗು ನಾನು. ಯಾರನ್ನ ಕೇಳಿ ಕೊಟ್ರು?" ಆ ಪ್ರಶ್ನೆ ಸದಾ ಅವರ ಬಾಯಲ್ಲಿರುತ್ತಿತ್ತು. ಕೇಳುವಾಗಲೆಲ್ಲ ಸೀಮೆಸುಣ್ಣವನ್ನು ಬೋರ್ಡಿಗೆ ಕುಟ್ಟುತ್ತಿದ್ದರು.

ಒಮ್ಮೆ ಆರೋಗ್ಯ ಶಿಬಿರಕ್ಕೆಂದು ಕೊಣನೂರಿಗೆ ಹೋಗಿದ್ದೆವು. ಅಂದು ಸಂತೆ. ಪಕ್ಕದ ಔಷಧಿ ಅಂಗಡಿಯವನು ನೆಗಡಿಯಾದ ಐದು ವರ್ಷದ ಹುಡುಗಿಗೆ ಅದೇ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಕೊಡುತ್ತಿದ್ದ. "ಬಿಚ್ಚಿ ಜೇನಲ್ಲಿ ಕಲಸ್ಕೊಡವ್ವ," ಎಂದು ತಾಯಿಗೆ ಹೇಳುತ್ತಿದ್ದ.

ಮೇಡಂ ಆಕೆಯ ಕೈ ಹಿಡಿದು ತಡೆದು, ಅಂಗಡಿಯವನತ್ತ ತಿರುಗಿದರು. "ಯಾರನ್ನ ಕೇಳಿ ಕೊಟ್ರಿ?"

"ಬ್ರಾಡ್ ಸ್ಪೆಕ್ಟ್ರಮ್ಮು ಕಣ್ರೀ ಮೇಡಂ. ಎಲ್ಲಾ ಕಾಯ್ಲೆಗೂ ಆಯ್ತದೆ."

"ಹಲವು ಬಗೆಯ ಬ್ಯಾಕ್ಟೀರಿಯಾಗೆ ಆಗುತ್ತೆ ಅಂತ ಅದರರ್ಥ. ನೆಗಡಿ ವೈರಸ್ಸಿಂದ ಬರೋದು! ಇನ್ನೂ ಹುಟ್ಟದಿರೋ ಹಲ್ಲನ್ನೂ ಹಾಳ್ಮಾಡ್ತೀರಲ್ರೀ!"

ತಾಯಿ ಮೇಡಂ ಹಲ್ಲುಗಳನ್ನೇ ನೋಡಿದಳು. "ನಂಗೇನ್ ಗೊತ್ತವ್ವಾ, ಕೊಟ್ರು, ಇಸ್ಕೊಂಡೆ," ಎಂದು ಕ್ಯಾಪ್ಸೂಲನ್ನು ಅಲ್ಲೇ ಇಟ್ಟುಬಿಟ್ಟಳು.

ಅಂಗಡಿಯವನು ನಕ್ಕ. "ಓಗ್ಲಿ ಬುಡಿ, ಇನ್ನೊಬ್ರು ಬತ್ತಾರೆ."

ಮೇಡಂ ಶಿಬಿರದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿ ತಂದು ಅಂಗಡಿಯ ಬಾಗಿಲಲ್ಲೇ ಹಾಕಿಕೊಂಡು ಕುಳಿತರು. ಸಂತೆ ಮುಗಿಯುವವರೆಗೂ, ಮಕ್ಕಳನ್ನು ಎತ್ತಿಕೊಂಡು ಬಂದವರಿಗೆಲ್ಲ ವೈದ್ಯರ ಚೀಟಿ ತೋರಿಸಲು ಹೇಳಿದರು. ಕೊನೆಗೆ ಅಂಗಡಿಯವನೇ ಬೇಸತ್ತು ಬಾಗಿಲೆಳೆದ.

"ಮುಂದಿನ್ ಸಂತೆಗೂ ಬತ್ತೀರಾ?" ಎಂದು ಕೇಳಿದ.

"ಕುರ್ಚಿ ಇಲ್ಲೇ ಇರ್ಲಿ," ಎಂದರು ಮೇಡಂ.